ಉಚಿತ ಸೇವೆಯೂ ಸೊಂಟದ ಪಿಂಚಣಿಯೂ

ಸತ್ಯವನ್ನು ತಾನಾಗಿಯೇ ಹೇಳಿಕೊಂಡವನಿಗೆ ಸರ್ಕಾರ ಏನೂ ಮಾಡುವುದಿಲ್ಲ ಎಂದು ನಾನು ನಲವತ್ತೆಂಟು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೋಗಿದ್ದು ಬಂಗಾರಪೇಟೆಯ ಒಂದು ಕಚೇರಿಯಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ.

ಆಂಡರ್ಸನ್‌ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಇಪ್ಪತ್ತು ವರ್ಷ ಊರಿನವರ ಮದುವೆಗೆ, ಗೃಹಪ್ರವೇಶಕ್ಕೆ, ವೈಕುಂಠ ಸಮಾರಾಧನೆಗೆ ನನ್ನದೇ ಕನ್ನಡ. ಒಂದು ದಿನ ಅಟ್ಟದ ಮೇಲಿದ್ದ ಕಾಗದದ ಬಂಡಲ್ ನನ್ನ ಸೊಂಟದ ಮೇಲೆ ಬಿತ್ತು. ಕೆಲಸ ಹೋಯಿತು, ಅಂಗವಿಕಲರ ಪಿಂಚಣಿ ಬಂತು. "ಇವರು ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು, ನಿಲ್ಲಲಾರರು" ಎಂದು ಡಾಕ್ಟರು ಸರ್ಟಿಫಿಕೇಟು ಕೊಟ್ಟರು. ಮಲಗಬಹುದೇ ಎಂಬ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನನಗೆ ಅದೂ ಒಂದು ಚಿಂತೆ! ಮನೆಯ ಅಕ್ಕಿ ಆ ಪಿಂಚಣಿಯಿಂದ, ಉಳಿದದ್ದೆಲ್ಲ ಹೆಂಡತಿ ನಾಗಮ್ಮನ ಹೊಲಿಗೆ ಮೆಷಿನ್ನಿನಿಂದ.

ನಮ್ಮೂರಿನಲ್ಲಿ ಮಾತು ತಮಿಳಿನಲ್ಲಿ, ಜಗಳ ತೆಲುಗಿನಲ್ಲಿ, ಅರ್ಜಿ ಮಾತ್ರ ಕನ್ನಡದಲ್ಲಿ. ಹಾಗಾಗಿ ಗಂಡನನ್ನು ಕಳೆದುಕೊಂಡಿದ್ದ ಪಕ್ಕದ ಮನೆಯ ಸೆಲ್ವಿಯಕ್ಕ ರೇಷನ್ ಕಾರ್ಡಿಗೆ ಅರ್ಜಿ ಬರೆಸಲು ಬಂದಳು.

"ಅಣ್ಣಾ, ನಾನು ತಮಿಳಲ್ಲಿ ಅಳ್ತೀನಿ, ನೀನು ಕನ್ನಡದಲ್ಲಿ ಅಳ್ಸಣ್ಣ. ಆಪೀಸರ್ ಕಣ್ಣಲ್ಲಿ ನೀರು ಬರ್ಬೇಕು!"

ಅಳಿಸಿದೆ. ಕಾರ್ಡು ಬಂತು. ಆಮೇಲೆ ಪ್ರತಿ ಮಂಗಳವಾರ ವಾಚನಾಲಯದ ಜಗಲಿಯ ಮೇಲೆ ನನ್ನ ಉಚಿತ ಸೇವೆ ಶುರುವಾಯಿತು. ಹತ್ತು ನಿಮಿಷ ಕೂರುವುದು, ಹತ್ತು ನಿಮಿಷ ಕಂಬಕ್ಕೆ ಒರಗುವುದು, ಬರೆಯುವುದು. ಒಂದು ಪೈಸೆ ಮುಟ್ಟಲಿಲ್ಲ. ಯಾರಾದರೂ ಟೀ ಕೊಟ್ಟರೆ ಕುಡಿಯುತ್ತಿದ್ದೆ. ಟೀ ವರಮಾನವೇ? ಚಿಂತೆ ಹತ್ತಿತು.

"ಲೇ, ಇದನ್ನ ಕೆಲ್ಸ ಅಂದ್ಬಿಟ್ರೆ?" ಎಂದು ನಾಗಮ್ಮನನ್ನು ಕೇಳಿದೆ.

"ಯಾರಂದ್ರು?"

"ಇನ್ನೂ ಯಾರೂ ಅಂದಿಲ್ಲ."

"ಮತ್ತೆ ಸುಮ್ಕಿರಿ. ಕೇಳ್ದೇ ಇರೋರ ಅತ್ರ ಓಗಿ ಯಾಕ್ರೀ ಯೋಳ್ತೀರಾ?"

ಸುಮ್ಮನಿರುವುದು ಅಪ್ರಾಮಾಣಿಕರ ಲಕ್ಷಣ! ಪಿಂಚಣಿ ಕಚೇರಿಗೆ ಎರಡು ಪುಟದ ಮನವಿ ಬರೆದೆ. "ಘನತೆವೆತ್ತ ಅಧಿಕಾರಿಗಳ ದಿವ್ಯ ಸನ್ನಿಧಾನದಲ್ಲಿ" ಎಂದು ಶುರುಮಾಡಿ, "ಪ್ರತಿ ಮಂಗಳವಾರ ನಾಲ್ಕು ಗಂಟೆಗಳ ಕಾಲ ಕುಳಿತು ದೀನರ ಸೇವೆಗೈಯುತ್ತಿರುವ ಅಲ್ಪನು" ಎಂದು ನನ್ನನ್ನು ಪರಿಚಯಿಸಿಕೊಂಡು, ಇದರಿಂದ ಪಿಂಚಣಿಗೆ ಬಾಧಕವುಂಟೇ ಎಂದು ವಿಚಾರಿಸಿದೆ.

ಅರ್ಧ ಹಾಳೆಯಲ್ಲಿ ಉತ್ತರ ಬಂತು. ಅರ್ಧ ಗಂಟೆ ಕೂರಲಾರದವರು ನಾಲ್ಕು ಗಂಟೆ ಹೇಗೆ ಕೂತಿರಿ? ವಿವರಣೆ ನೀಡಿ.

ಗಾಬರಿಯಲ್ಲಿ "ಕುಳಿತಲ್ಲ, ನಿಂತು" ಎಂದು ತಿದ್ದಿ ಕಳಿಸಿದೆ. ನಿಲ್ಲಲಾರಿರಿ ಎಂದೂ ಸರ್ಟಿಫಿಕೇಟಿನಲ್ಲಿದೆಯಲ್ಲ ಎಂದು ಕೇಳಿದರು. "ಅರೆ ಕುಳಿತು, ಅರೆ ನಿಂತು, ಕಂಬವನ್ನಾಶ್ರಯಿಸಿ" ಎಂದು ಮೂರನೆಯದು ಬರೆದೆ. ಖುದ್ದಾಗಿ ಬನ್ನಿ ಎಂದರು.

ಊರಿಗಾಂನಲ್ಲಿ ರೈಲು ಹತ್ತಿ ಹತ್ತು ಗಂಟೆಗೆಲ್ಲ ಬಂಗಾರಪೇಟೆಯ ಕಚೇರಿಯಲ್ಲಿದ್ದೆ. ಜವಾನ ಬೆಂಚು ತೋರಿಸಿದ. ಎದ್ದರೆ ಸರದಿ ಹೋಗುತ್ತದೆ ಎಂಬ ಭಯ. ಸೊಂಟ ಕಿತ್ತು ಬರುವಂತಾದರೂ ಹಲ್ಲು ಕಚ್ಚಿಕೊಂಡು ಕೂತೆ. ಒಂದು ಗಂಟೆಗೆ ಸಾಹೇಬರು ಒಳಗೆ ಕರೆದರು.

"ಎಷ್ಟೊತ್ತಿಗೆ ಬಂದ್ರಿ?"

"ಹತ್ತಕ್ಕೆ ಸ್ವಾಮಿ."

"ಎಲ್ಲಿದ್ರಿ?"

"ನಿಮ್ಮ ಬೆಂಚಿನ ಮೇಲೇ."

"ಅಂದ್ರೆ ಮೂರು ಗಂಟೆ ಕೂತಿದ್ರಿ."

ನನಗೆ ಮೈಯೆಲ್ಲ ಉರಿಯಿತು. "ಸ್ವಾಮೀ, ಕಾಯಿಸಿದ್ದು ನೀವು!"

"ಕಾಯಿಸಿದ್ದು ನಾವು. ಕೂತಿದ್ದು ನೀವು."

ಇಂಥ ನ್ಯಾಯ ಎಲ್ಲಾದರೂ ಉಂಟೇ! ಸೊಂಟ ಮುರಿದವನು ಮನೆಯಲ್ಲಿ ಗೋಡೆ ನೋಡಿಕೊಂಡು ಬಿದ್ದಿದ್ದರೆ ಸರ್ಕಾರಕ್ಕೆ ಅವನ ಮೇಲೆ ಬಹಳ ಕರುಣೆ. ಗಂಡನಿಲ್ಲದ ಹೆಂಗಸಿಗೆ ಎರಡು ಸಾಲು ಬರೆದುಕೊಟ್ಟನೋ, ಕಳ್ಳ! ಈ ಮಾತನ್ನೆಲ್ಲ ಮೇಜು ಗುದ್ದಿ ಹೇಳಿದೆ. ಗುದ್ದಿದ್ದೂ ತಪ್ಪಾಯಿತು. ಸಾಹೇಬರು ನನ್ನ ಮುಷ್ಟಿಯನ್ನೇ ನೋಡಿ, "ಶಕ್ತಿ ಚೆನ್ನಾಗೇ ಇದೆ" ಎಂದರು. ಇನ್ನೊಮ್ಮೆ ವೈದ್ಯರ ತಪಾಸಣೆ ಆಗುವವರೆಗೆ ಪಿಂಚಣಿ ಇಲ್ಲ!

ಆಮೇಲೆ ಅವರ ದನಿ ಮೆತ್ತಗಾಯಿತು.

"ನೋಡಿ, ಆದೇಶ ಎಲ್ಲಾ ಕನ್ನಡದಲ್ಲೇ ಬರ್ಬೇಕು ಅಂತ ಮೇಲಿನವರು ಪಟ್ಟು ಹಿಡ್ದು ಕೂತವ್ರೆ. ನಂದು ತೆಲುಗು ಮೀಡಿಯಂ. ಕರಡು ಬರೆಯೋ ಗುಮಾಸ್ತ ರಜ. ನಿಮ್ಮ ಕಾಗದ ಎರಡು ಸಲ ಓದ್ದೆ ಕಣ್ರೀ. ಏನ್ ಕನ್ನಡ ಅದು! ಒಂದು ಕರಡು ಮಾಡ್ಕೊಡ್ತೀರಾ?"

ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ದುಡಿದರೂ ನನ್ನ ಕನ್ನಡವನ್ನು ಯಾರೂ ಎರಡು ಸಲ ಓದಿರಲಿಲ್ಲ. ಕಪಾಟಿಗೆ ಒರಗಿ, ಕೇಳಿದ ತಕ್ಷಣ ಬರೆದುಕೊಟ್ಟೆ. "ಸದರಿ ವ್ಯಕ್ತಿಯ ಪಿಂಚಣಿಯನ್ನು ಈ ಕೂಡಲೇ ಜಾರಿಗೆ ಬರುವಂತೆ ತಡೆಹಿಡಿಯಲಾಗಿದೆ. ಈ ಸಂಬಂಧ ಯಾವುದೇ ಮನವಿಯನ್ನು ಪುರಸ್ಕರಿಸಲಾಗುವುದಿಲ್ಲ." ಕೊನೆಯ ವಾಕ್ಯವನ್ನು ಸಾಹೇಬರು ಹೇಳಿರಲಿಲ್ಲ. ಅದಿಲ್ಲದೆ ಪ್ಯಾರಾ ಮೊಂಡಾಗಿ ಕಾಣುತ್ತಿತ್ತು, ನಾನೇ ಸೇರಿಸಿದೆ. ಅವರು ಗಟ್ಟಿಯಾಗಿ ಓದಿಸಿ, ತಲೆದೂಗಿ, ಟೈಪ್ ಮಾಡಿಸಿ ಸಹಿ ಹಾಕಿದರು. ಒಂದು ಪ್ರತಿ ನನ್ನ ಕೈಗೇ ಕೊಟ್ಟರು.

ಮನೆಯಲ್ಲಿ ನಾಗಮ್ಮ ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು.

"ಯಾವನ್ರೀ ಇದನ್ನ ಬರ್ದವ್ನು? ಒಂದು ಸಂದೂ ಬಿಟ್ಟಿಲ್ವಲ್ಲ, ಅವನ ಕೈ ಸೇದೋಗ!"

ನಾನು ಬಲಗೈಯನ್ನು ಮೆಲ್ಲಗೆ ಟವೆಲ್ಲಿನೊಳಗೆ ಸೇರಿಸಿಕೊಂಡೆ.

ನನ್ನ ಬರವಣಿಗೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಮಾರನೆಯ ದಿನವೇ ಕೋರಮಂಡಲ್‌ನಲ್ಲಿ ದುಡ್ಡು ತೆಗೆದುಕೊಂಡು ಅರ್ಜಿ ಬರೆಯುವ ಒಬ್ಬರ ಹತ್ತಿರ ಆ ಕಾಗದ ಹಿಡಿದು ಹೋದಳು. ಸಂಜೆ ಬಂದವಳು ಚೀಲವನ್ನು ಮೂಲೆಗೆ ಎಸೆದಳು.

"ಆಗಲ್ವಂತೆ. 'ಇದನ್ನ ಬರ್ದವನು ಯಾರೋ ಬಾರೀ ಪಂಡಿತ ಕಣಮ್ಮಾ, ಇದನ್ನ ಮುರಿಯೋ ಕನ್ನಡ ನಂತಾವಿಲ್ಲ' ಅಂದ್ಬುಟ್ರು."

ಅಕ್ಕಿ ಡಬ್ಬ ಖಾಲಿಯಾಗುವ ಕಾಲ. ಹೆಂಡತಿಯ ಕಣ್ಣಲ್ಲಿ ನೀರು. ನಾನು ತಲೆ ತಗ್ಗಿಸಿ ಕೂತಿದ್ದೆ. ಆದರೆ ದೇವರಾಣೆ, ಒಳಗೊಳಗೇ ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಮಾತನ್ನು ಇನ್ನೊಂದು ಸಲ ಹೇಳು ಎಂದು ಅವಳನ್ನು ಕೇಳಿಯೇಬಿಟ್ಟೆ!