ಅತ್ತೆ ಪಾಸು ಮಾಡಿಸಿದ ಬರೋಲೋ

ಒಂದು ಹನಿಯೂ ಕುಡಿಯದವಳು ವೈನ್ ಅಂಗಡಿಯಲ್ಲಿ ಕೆಲಸಕ್ಕಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ವಾಲ್ನಟ್ ಕ್ರೀಕಿನ ಒಂದು ಅಂಗಡಿಯ ಕೌಂಟರಿನಲ್ಲಿ ಮೂರು ವರ್ಷ ನಿಂತು, "ಬ್ಯಾಗ್ ಬೇಕಾ" ಎಂಬುದನ್ನು ಬಿಟ್ಟು ನಾನು ಗಿರಾಕಿಗಳ ಹತ್ತಿರ ಬೇರೆ ಮಾತಾಡಿದ್ದೇ ಕಡಿಮೆ. ಇಟಲಿ ವೈನುಗಳನ್ನು ನೋಡಿಕೊಳ್ಳುತ್ತಿದ್ದವರು ರಿಟೈರ್ ಆಗುತ್ತಾರೆಂದು ತಿಳಿದಾಗ, ಆ ಜಾಗ ನನಗೆ ಕೊಡಿ ಎಂದು ಓನರನ್ನು ಕೇಳಿಯೇಬಿಟ್ಟೆ. ಅವರು ಬರೋಲೋ ಎಂಬ ಕೆಂಪು ವೈನಿನ ಕಾನೂನುಗಳ ಕಂತೆಯನ್ನು ಕೈಗಿಟ್ಟು, ತಿಂಗಳು ಬಿಟ್ಟು ಪರೀಕ್ಷೆ, ಫೇಲಾದರೆ ಹೊರಗಿನವರನ್ನು ತರುತ್ತೇನೆ ಎಂದರು. ನನಗೋ ಆ ಜಾಗ ಬೇಕೇ ಬೇಕಿತ್ತು.

೧. ಕುಬೇರನ ದಿಕ್ಕು

ಹಾಸನದಿಂದ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ರಿಟೈರ್ಡ್ ಸ್ಕೂಲ್ ಮೇಡಮ್ಮು. ವೈನಿನ ವಿಷಯ ಅವರಿಗೆ ಹೇಗೆ ಹೇಳುವುದೆಂದು ಹೆದರಿ ಕಂತೆಯನ್ನು ಬಚ್ಚಿಟ್ಟಿದ್ದೆ. ಆದರೆ ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರಿಗೆ ಉಳಿದದ್ದೆಲ್ಲ ಮರೆತುಹೋಯಿತು. ಮಾರನೆಯ ಬೆಳಿಗ್ಗೆಯಿಂದಲೇ ಕಾಫಿ ಲೋಟದ ಪಕ್ಕ ಕಂತೆ ಇಟ್ಟುಕೊಂಡು ಪ್ರಶ್ನೆ ಕೇಳತೊಡಗಿದರು.

ಎಷ್ಟು ಊರಿನಲ್ಲಿ ಮಾಡಬಹುದು? ಹನ್ನೊಂದು. ಯಾವ ದ್ರಾಕ್ಷಿ? ನೆಬ್ಬಿಯೋಲೋ ಒಂದೇ, ಬೇರೆ ಸೇರಿಸುವ ಹಾಗಿಲ್ಲ. ಎಷ್ಟು ದಿನ ಇಡಬೇಕು? ಮೂವತ್ತೆಂಟು ತಿಂಗಳು, ಅದರಲ್ಲಿ ಹದಿನೆಂಟು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎಂದು ಬರೆಯಬೇಕಾದರೆ ಅರವತ್ತೆರಡು. ಇಷ್ಟೊಂದು ಕಟ್ಟುನಿಟ್ಟು ಕಂಡು ಅತ್ತೆಗೆ ಸಂತೋಷವೇ ಆಯಿತು, ಭಾರೀ ಮಡಿವಂತರು ಎಂದರು. ಬಯಲು ನೆಲದಲ್ಲಿ ಬೆಳೆಯಬಾರದು, ಗುಡ್ಡದ ಇಳಿಜಾರೇ ಆಗಬೇಕು ಎಂಬುದನ್ನೂ ಒಪ್ಪಿದರು. ಆ ಇಳಿಜಾರು ಉತ್ತರಕ್ಕೆ ಮುಖ ಮಾಡಿರಬಾರದು ಎಂಬಲ್ಲಿ ಮಾತ್ರ ಕನ್ನಡಕ ತೆಗೆದರು.

"ಉತ್ತರ ಕುಬೇರನ ದಿಕ್ಕು ಕಣಮ್ಮ. ಅದನ್ನ ಬಿಟ್ಟು ದಕ್ಷಿಣಕ್ಕೆ ಮುಖ ಮಾಡ್ಕೊಂಡ್ ಕೂತ್ರೆ ಉದ್ಧಾರ ಆಗ್ತಾರಾ?"

ಅಲ್ಲಿ ಉತ್ತರಕ್ಕೆ ಬಿಸಿಲು ಸಾಲದು, ನಮ್ಮಂಗಡಿಯಲ್ಲಿ ಬಲು ದುಬಾರಿ ವೈನುಗಳಲ್ಲಿ ಇದೂ ಒಂದು ಎಂದೆ. ಅತ್ತೆ ಕನ್ನಡಕ ಮತ್ತೆ ಹಾಕಿಕೊಂಡು, ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ಯಾವ ಕಡೆಗಿದೆ ಎಂದು ವಿಚಾರಿಸಿದರು.

೨. ಸ್ನೇಹಿತನ ತಲೆನೋವು

ಅಂಗಡಿಗೆ ಕನ್ನಡದವರೂ ಬರುತ್ತಾರೆ. ಆದರೆ ಮೂರು ವರ್ಷದಲ್ಲಿ ತನಗೆಂದು ಕೊಂಡುಕೊಂಡ ಒಬ್ಬ ಕನ್ನಡಿಗನನ್ನೂ ನಾನು ಕಂಡಿಲ್ಲ. ಎಲ್ಲರೂ ಆಫೀಸಿನ ಸ್ನೇಹಿತನಿಗೆ ಗಿಫ್ಟ್ ಕೊಡುವವರೇ. ಒಬ್ಬರಂತೂ ಸನ್ನಿವೇಲಿನಿಂದ ಬರುತ್ತಿದ್ದರು. ಅಲ್ಲೇ ಕೊಂಡರೆ ದೇವಸ್ಥಾನದವರು ಯಾರಾದರೂ ನೋಡಿಯಾರು ಎಂದು ಒಂದು ಗಂಟೆ ಫ್ರೀವೇ ಮೇಲೆ ಡ್ರೈವ್ ಮಾಡಿ ಬಂದರೆ, ಎದುರಿಗೆ ಕುಂಕುಮ ಇಟ್ಟುಕೊಂಡು ನಾನು.

ಪರೀಕ್ಷೆಗೆ ಅಭ್ಯಾಸವಾಗಲಿ ಎಂದು ಅವರಿಗೆ ಮೂವತ್ತೆಂಟು ತಿಂಗಳು, ಅರವತ್ತೆರಡು ತಿಂಗಳು ಎಲ್ಲ ಒಪ್ಪಿಸಿದೆ. ಅವರು ಗಮನವಿಟ್ಟು ಕೇಳಿ, ಹಳೆಯದನ್ನೇ ಕೊಡಿ ಎಂದರು. "ಹೋದ್ ಸಲ ಹೊಸದು ತಗೊಂಡ್ ಹೋಗಿದ್ದೆ ಮೇಡಂ. ಭಾನುವಾರ ಇಡೀ ದಿನ ಸ್ನೇಹಿತನಿಗೆ ತಲೆನೋವು, ನಂಗೆ ಏಳಕ್ಕೇ ಆಗ್ಲಿಲ್ಲ."

೩. ಆಯುಧಪೂಜೆ

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿಗೆ, ನಮ್ಮವರ ಲ್ಯಾಪ್‌ಟಾಪಿಗೆ ಪೂಜೆಯಾದ ಮೇಲೆ ಅತ್ತೆ ನನ್ನ ಆಯುಧ ಎಲ್ಲಿ ಎಂದರು. ನನ್ನ ಬ್ಯಾಗಿನಲ್ಲಿದ್ದದ್ದು ಅಂಗಡಿಯ ಕಾರ್ಕ್ ತೆಗೆಯುವ ತಿರುಪು. ಅದು ಯಾತಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುರುಳಿಯ ಸಂದಿಗೂ ಬಿಡದೆ ಗಂಧ ಬಳಿದು, ಹೂವಿಟ್ಟು, ಮಂಗಳಾರತಿ ಎತ್ತಿದರು.

ಮಾರನೆಯ ದಿನ ನಾನು ಒರೆಸುವ ಮೊದಲೇ ಓನರು ಅದನ್ನು ತೆಗೆದುಕೊಂಡು ಗಿರಾಕಿಯೊಬ್ಬರ ಎದುರು ಬಾಟಲಿ ತೆರೆದರು. ಅಭ್ಯಾಸದಂತೆ ಕಾರ್ಕನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಈ ವೈನಿನಲ್ಲಿ ಶ್ರೀಗಂಧದ ಪರಿಮಳವಿದೆ ಎಂದರು. ಗಿರಾಕಿಯೂ ಮೂಸಿ, ಹೌದು ಹೌದು ಎಂದು ಇನ್ನೆರಡು ಬಾಟಲಿ ಕೊಂಡರು.

೪. ಪ್ರಾಕ್ಟಿಕಲ್

ಪರೀಕ್ಷೆಯ ದಿನ ಅತ್ತೆ ಟ್ರೇನಿನಲ್ಲಿ ನನ್ನ ಜೊತೆಗೇ ಬಂದು ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಓನರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಗೆದ್ದೆ ಎಂದುಕೊಳ್ಳುವಾಗ ಅವರು ಎರಡು ಗ್ಲಾಸುಗಳಲ್ಲಿ ವೈನ್ ಸುರಿದು, ಪಕ್ಕದಲ್ಲೊಂದು ಸ್ಟೀಲ್ ಪಾತ್ರೆ ಇಟ್ಟರು. ರುಚಿ ನೋಡಿ ಪಾತ್ರೆಗೆ ಉಗುಳಬೇಕು, ಎರಡರಲ್ಲಿ ರಿಸೆರ್ವಾ ಯಾವುದೆಂದು ಹೇಳಬೇಕು. ಅತ್ತೆಯ ಕಡೆ ತಿರುಗಿ, ರುಚಿ ನೋಡಬೇಕಂತೆ ಎಂದೆ.

"ನೋಡು ಮತ್ತೆ. ಪ್ರಾಕ್ಟಿಕಲ್ ಮಾಡ್ದೆ ಯಾರಮ್ಮ ಪಾಸ್ ಮಾಡ್ತಾರೆ?"

ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ. ಹಸಿ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆಯೆಲ್ಲ ಒಗರು. ಪಾತ್ರೆಯ ಕಡೆ ಬಗ್ಗಿದೆ. ಎದುರಿಗೆ ಅತ್ತೆ, ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದಾರೆ. ಹದಿನೈದು ವರ್ಷ ಅವರೆದುರು ಜೋರಾಗಿ ಸೀನಿದವಳೂ ಅಲ್ಲ ನಾನು. ನುಂಗಿಬಿಟ್ಟೆ. ಎರಡನೆಯದೂ ಒಗರೇ, ಆದರೆ ಸ್ವಲ್ಪ ಹದವಾಗಿತ್ತು. ಖಾತ್ರಿಯಾಗಲೆಂದು ಮತ್ತೆ ಇದು, ಮತ್ತೆ ಅದು. ಎಲ್ಲವನ್ನೂ ನುಂಗಿದೆ. ಕೊನೆಗೆ ಎರಡನೆಯದೇ ರಿಸೆರ್ವಾ ಎಂದೆ.

ಓನರು ಕೈಕುಲುಕಿದರು, ಸೋಮವಾರದಿಂದ ಇಟಲಿ ನಿಮ್ಮದು ಎಂದರು. ಕಣ್ಣು ತುಂಬಿ ಬಂತು. ಹತ್ತಕ್ಕೆ ಒಂಬತ್ತು ಮಾರ್ಕು. ಇನ್ನೊಂದು ಎಲ್ಲಿ ಹೋಯಿತು ಎಂದು ಅತ್ತೆ ನನ್ನಿಂದ ಕೇಳಿಸಿದರು. ಪಾತ್ರೆ ಖಾಲಿ ಇದೆಯಲ್ಲ, ನಮ್ಮ ಕಸುಬಿನಲ್ಲಿ ಯಾರೂ ನುಂಗುವುದಿಲ್ಲ ಎಂದರು ಓನರು. ಹಿರಿಯರೆದುರು ಹೇಗೆ ಉಗುಳುವುದು ಎಂದು ಸಂಕೋಚವಾಯಿತೆಂದು ಇಬ್ಬರಿಗೂ ಅವರವರ ಭಾಷೆಯಲ್ಲಿ ಹೇಳಿದೆ.

ಸ್ಟೇಷನ್ನಿಗೆ ನಡೆಯುವಾಗ ಫುಟ್‌ಪಾತು ಕೊಂಚ ವಾಲಿದಂತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡು ಸಿಗ್ನಲಿನವರೆಗೆ ನಡೆಸಿಕೊಂಡು ಬಂದರು. ಆಮೇಲೆ ಹೇಳಿದರು:

"ಅಲ್ಲ ಕಣೇ, ಅತ್ತೆ ಎದುರಿಗೆ ಉಗುಳಕ್ಕೆ ಸಂಕೋಚ ಆಯ್ತು. ಕುಡಿಯಕ್ಕೆ ಸಂಕೋಚ ಆಗ್ಲಿಲ್ವಲ್ಲ."