ಅಗುಳು ಹಿಚುಕಿ ಅಲೆ ನೋಡಿದ್ದು

ಏಳನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು ನಾನು. ಹೂಗ್ಲಿ ದಡದ ಬಾರಾನಗರದಲ್ಲಿ ಇಡ್ಲಿ-ದೋಸೆ ಹೋಟೆಲು ಕಟ್ಟಿದ್ದು ಈ ಎರಡು ಕೈಗಳೇ. ಬಿಡುವಾದಾಗ ರೇಡಿಯೋ ಬಿಚ್ಚುವುದೂ ಇವೇ. ಆದ್ದರಿಂದ, ಚಾಂದನಿ ಮಾರ್ಕೆಟ್ಟಿನಿಂದ ಹೊತ್ತು ತಂದ, ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹಳೇ ಆಸಿಲೋಸ್ಕೋಪು ವೇಗದ ರೇಡಿಯೋ ಅಲೆಗಳನ್ನು ತೋರಿಸಲೊಲ್ಲೆ ಎಂದಾಗ ನಾನು ಎದೆಗುಂದಲಿಲ್ಲ. ಅದರ ಮುಂದೆ ಜೋಡಿಸುವ, ಅಲೆಯಿಂದ ಚುಕ್ಕೆ ಹೆಕ್ಕುವ ಸ್ಯಾಂಪ್ಲಿಂಗ್ ಪೆಟ್ಟಿಗೆಯನ್ನು ಅಗ್ಗದಲ್ಲಿ ನಾನೇ ಮಾಡಿದೆ.

"ಅದಕ್ಕೆಲ್ಲ ಲಕ್ಷಗಟ್ಟಲೆಯ ಯಂತ್ರ ಬೇಕು ಭಾವ," ಎಂದು ಸದಾನಂದ ಭಾವ ನಕ್ಕರು. ಹೆಂಡತಿಯ ಅಣ್ಣ, ನಿವೃತ್ತ ಇಂಜಿನಿಯರು; ನಾವಿಬ್ಬರೂ ಒಬ್ಬರಿಗೊಬ್ಬರು ಭಾವ. ಪೆಟ್ಟಿಗೆ ನೋಡಲೆಂದೇ ಊರಿನ ಇನ್ನೊಂದು ತುದಿಯ ಜೋಕಾದಿಂದ ಬಂದಿದ್ದರು.

"ಎಂತದ್ದೂ ಬೇಡ ಮಾರಾಯ್ರೆ! ಅನ್ನ ಬೆಂತಾ ಅಂತ ಇಡೀ ಪಾತ್ರೆ ಹಿಚುಕ್ತೇವಾ? ಒಂದು ಅಗುಳು ಸಾಕು. ಅಲೆ ಒಂದೇ ಥರ ಮತ್ತೆ ಮತ್ತೆ ಬರ್ತದೆ. ಪ್ರತಿ ಸಲ ಸ್ವಲ್ಪ ಮುಂದಿನ ಒಂದು ಚುಕ್ಕೆ ಹೆಕ್ಕಿ ಜೋಡಿಸಿದ್ರೆ ಪೂರ್ತಿ ಕಾಣ್ತದೆ!"

"ಇವತ್ತು ಕಾಣದಿದ್ರೆ ಆ ಮೇಜು ನಂಗೆ," ಎಂದಳು ಹೆಂಡತಿ ವನಜ. "ನೆಲದ ಗ್ರೈಂಡರಿಗೆ ಬಗ್ಗಿ ಬಗ್ಗಿ ಸೊಂಟ ಹೋಯ್ತು."

ಮನೆಯಲ್ಲಿ ನನ್ನದೆಂದು ಇದ್ದದ್ದು ಯಂತ್ರ ಹರಡಿದ್ದ ಆ ಮೇಜೊಂದೇ. ಆದರೂ ಒಪ್ಪಿದೆ. ಚಿಂತೆ ಸೋಲುವವರಿಗೆ!

ರೇಡಿಯೋ ಹಚ್ಚಿ ಪೆಟ್ಟಿಗೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಎಂಥ ಅಲೆ! ಹೂಗ್ಲಿ ನದಿ ನಾಚಬೇಕು.

"ಶಹಬ್ಬಾಸ್ ಭಾವ!" ಎಂದರು ಸದಾನಂದ ಭಾವ, ಕನ್ನಡಕ ಒರೆಸಿಕೊಂಡು.

ನಾನು ಶಾಲೆ ಬಿಟ್ಟದ್ದರಿಂದ ಶಾಲೆಗಾದ ನಷ್ಟದ ಕುರಿತು ಚಿಕ್ಕದೊಂದು ಭಾಷಣಕ್ಕೆ ಎದ್ದು ನಿಂತೆ.

"ತಡೀರಿ, ಕೇಳ್ಸುದಿಲ್ಲ," ಎಂದು ವನಜ ಗರಗರ ತಿರುಗುತ್ತಿದ್ದ ಗ್ರೈಂಡರ್ ಆರಿಸಿದಳು.

ಅಲೆ ಮಾಯ!

"ಹಾಕು, ಹಾಕು!" ಎಂದು ಕೂಗಿದೆ. ಹಾಕಿದಳು, ಬಂತು. ಆರಿಸಿದಳು, ಹೋಯಿತು. ಭಾವ ಬಗ್ಗಿ ಮೇಜಿನಡಿಯಿಂದ ಪೆಟ್ಟಿಗೆಯ ಒಂದು ತಂತಿ ಎತ್ತಿದರು.

"ಇದು ನಿಮ್ಮ ರೇಡಿಯೋಗೆ ಸಿಕ್ಕಿಸ್ಬೇಕಾದ್ದಲ್ವಾ? ಗ್ರೈಂಡರಿನ ವಯರಿನ ಮೇಲೆ ಬಿದ್ದುಂಟು. ನಾವು ನೋಡಿದ್ದು ಅದರ ಕರೆಂಟಿನ ಅಲೆ!"

"ಅಂದ್ರೆ ನಮ್ಮ ಒಲೆ ಮೇಲೆ ಪಾತ್ರೆಯೇ ಇಡದೆ, ಪಕ್ಕದ ಮನೆ ಅಗುಳು ಹಿಚುಕಿದ್ದಾ?" ಎಂದಳು ವನಜ.

ಮಾನ ಉಳಿಸಿಕೊಳ್ಳುವ ಆತುರದಲ್ಲಿ ತಂತಿಯನ್ನು ಕಿತ್ತುಕೊಂಡು ಸಿಕ್ಕಿಸಿದೆ. ಸಿಕ್ಕಿಸಿದ್ದು ಬೇರೆಯೇ ತೂತಿಗೆ. ಚಟ್! ಪೆಟ್ಟಿಗೆಯಿಂದ ಹಪ್ಪಳ ಸೀದಂಥ ವಾಸನೆ.

ಪೆಟ್ಟಿಗೆಯ ಲೆಕ್ಕಾಚಾರ ಸರಿಯೇ ಇತ್ತು. ಆ ಮಾತನ್ನು ಈಗಲೂ ಬಿಡುವುದಿಲ್ಲ. ಹೊಸದೊಂದನ್ನು ಮಾಡುತ್ತಿದ್ದೇನೆ, ನೆಲದ ಮೇಲೆ ಕೂತು. ಮೇಜಿನ ಮೇಲಿಂದ ಗ್ರೈಂಡರ್ ಆಗಾಗ ನನ್ನ ನೆತ್ತಿಗೆ ಹಿಟ್ಟು ಸಿಡಿಸುತ್ತದೆ. ಅನ್ಯಾಯ ಎನ್ನಲಾರೆ. ಅಂದು ಅಲೆ ಎಬ್ಬಿಸಿದ್ದು ಅದೊಂದೇ!