ಕರಿಯ ಕಂಬಳಿಯೊಳಗೊಂದು ದಾಸವಾಳ

ಹೂವಿನ ಮುಂದೆ ಮಂಡಿಯೂರಿ ಕುಳಿತವನಿಗೆ ಯಾವ ತಾಪತ್ರಯವೂ ಬರಲಾರದೆಂದು ನಂಬಿದ್ದೆ. ಹೆಬ್ಬಗೋಡಿಯಲ್ಲಿ ಅದು ವಾರಕ್ಕೊಮ್ಮೆಯಾದರೂ ಬರುತ್ತದೆ.

ಕನ್ನಡ ಎಂ.ಎ. ಮುಗಿಸಿದ ನಾನು, ವಿಜ್ಞಾನವು ಮಕ್ಕಳಿಗೆ ಕನ್ನಡದಲ್ಲೇ ದೊರೆಯಬೇಕೆಂಬ ಹಟದಿಂದ ಹೂವುಗಳ ಚಿತ್ರಪುಸ್ತಕವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನೇರಳಾತೀತ ಬೆಳಕಿನ ಟಾರ್ಚು ಹಿಡಿದರೆ ಸಾಧಾರಣ ಹೂವಿನ ಪರಾಗವೂ ನಕ್ಷತ್ರದಂತೆ ಹೊಳೆಯುತ್ತದೆ. ಆದರೆ ಅದನ್ನು ಹತ್ತಿರದಿಂದ ಸೆರೆಹಿಡಿಯಲು ಕತ್ತಲೆ ಬೇಕು. ಕಾರ್ಖಾನೆಗಳ ದೀಪ ಆರದ ಈ ಊರಿನಲ್ಲಿ ಕತ್ತಲೆಯೇ ದುರ್ಲಭ. ಆದ್ದರಿಂದ ಗಿಡವನ್ನೂ ನನ್ನನ್ನೂ ಸೇರಿಸಿ ಕರಿಯ ಕಂಬಳಿ ಹೊದೆಯುತ್ತೇನೆ.

೧. ಗಿಡದ ಒಪ್ಪಿಗೆ

ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರ ಅಂಗಳದಲ್ಲಿ ಸೊಗಸಾದ ಕಣಗಿಲೆ ಕಂಡಿತು. ಗೇಟಿನ ಕಾವಲುಗಾರ ತಡೆದ.

"ಯಾರ್ ಮನೆಗೆ ಸಾರ್?"

"ಯಾರ ಮನೆಗೂ ಅಲ್ಲ ಅಣ್ಣ. ಆ ಗಿಡವನ್ನು ನೋಡಬೇಕಿತ್ತು."

ಆತ ಫೋನಿನ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿದ. "ನೀವ್ ಯಾರನ್ನ ನೋಡೋಕೆ ಬಂದಿದೀರೋ ಅವ್ರು ಆಪ್‌ನಲ್ಲಿ ಓಕೆ ಮಾಡ್ಬೇಕು ಸಾರ್. ಗಿಡ ಹೆಂಗ್ ಓಕೆ ಮಾಡುತ್ತೆ?"

೨. ಹಳದಿ ಚುಕ್ಕೆಗಳು

ಇನ್ನು ನಾನು ಬಾಡಿಗೆಗಿರುವ ಮನೆಯ ದಾಸವಾಳವೇ ಗತಿಯಾಯಿತು. ಓನರಮ್ಮ ಒಂದು ಕಾಲಕ್ಕೆ ಇದೇ ನೆಲದಲ್ಲಿ ರಾಗಿ ಬೆಳೆದವರು. ಈಗ ಅಲ್ಲಿ ಬಾಡಿಗೆ ರೂಮುಗಳು ಬೆಳೆದಿವೆ. ಅದೇ ದಿನಗಳಲ್ಲಿ ಅವರ ಗಿಡದ ಹೂವುಗಳು ಬೆಳಗಾಗುವುದರೊಳಗೆ ಮಾಯವಾಗತೊಡಗಿದ್ದವು.

"ಗಿಡದ ಮುಂದೆ ಕುಕ್ಕರಿಸೋನು ನೀನೊಬ್ನೇ ಕಣಪ್ಪ. ಇನ್ನೊಂದ್ಸಲ ಊವು ಕಮ್ಮಿಯಾದ್ರೆ ರೂಮ್ ಖಾಲಿ ಮಾಡ್ಬುಡು. ಬೇಕಾದ್ರೆ ಕೇಳಿ ಇಸ್ಕೊ!" ಎಂದವರೇ, ಹೊಸಿಲ ಪೂಜೆಯನ್ನು ಅರ್ಧಕ್ಕೇ ಬಿಟ್ಟು ಬಂದು ಒಂದು ಹೂವನ್ನು ಕಿತ್ತು ಕೊಟ್ಟರು.

ಕಂಬಳಿಯೊಳಗೆ ಆ ಹೂವು ನನ್ನನ್ನು ಬೆರಗುಗೊಳಿಸಿತು. ಎಸಳಿನ ಮೇಲೆ ಹಳದಿ ಚುಕ್ಕೆಗಳು ಉರಿಯುತ್ತಿದ್ದವು! ಜೇನುನೊಣಗಳಿಗೆ ದಾರಿ ತೋರಲು ನಿಸರ್ಗವೇ ಬರೆದ ಲಿಪಿಯೆಂದು ದೀರ್ಘ ಟಿಪ್ಪಣಿ ಬರೆದು, ಸಸ್ಯಶಾಸ್ತ್ರದ ಮೇಡಂ ಒಬ್ಬರಿಗೆ, ಹೂವು ಕೈಸೇರಿದ ಕಥೆಯೊಂದಿಗೆ, ಚಿತ್ರವನ್ನು ಕಳುಹಿಸಿದೆ. ಪುಣ್ಯಕ್ಕೆ, ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅವರ ಫೋನು ಬಂತು.

"ಅದು ಅರಿಶಿನ ಕಣಯ್ಯಾ. ಜೇನುನೊಣ ಆ ದಾರಿ ಹಿಡಿದು ಹೊರಟರೆ ನೇರವಾಗಿ ನಿಮ್ಮ ಓನರಮ್ಮನ ಅಡುಗೆಮನೆಗೇ ಹೋಗುತ್ತೆ!"

೩. ಕಂಬಳಿಯ ಮೇಲೊಂದು ಕೈ

ಮರುದಿನ ನಸುಕಿನಲ್ಲೇ, ಯಾರೂ ಮುಟ್ಟದ ಹೂವು ಬೇಕೆಂದು ಗಿಡದ ಬುಡದಲ್ಲಿ ಕಂಬಳಿ ಹೊದ್ದು ಕುಳಿತೆ. ಕ್ಯಾಮೆರಾ ಅಣಿಗೊಳಿಸುವಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ಕೈ ಇಳಿದು, ಕೊಂಬೆಯನ್ನು ತಡವಿ, ಕೊನೆಗೆ ಕಂಬಳಿಯ ಮೇಲಿಂದಲೇ ನನ್ನ ತಲೆಯನ್ನು ಹಿಡಿಯಿತು. ಗಾಬರಿಯಿಂದ ಕಂಬಳಿ ಸರಿಸಿ ಟಾರ್ಚು ಎತ್ತಿದೆ. ಸಾಬೂನಿನಲ್ಲಿ ಒಗೆದ ಬಿಳಿಯ ಅಂಗಿಯ ತೋಳು ನೀಲಿಯಾಗಿ ಧಗಧಗಿಸಿತು! ಅಂಥ ಹೊಳಪನ್ನು ನಾನೆಂದೂ ಕಂಡಿರಲಿಲ್ಲ.

"ಸಾರ್, ದಯವಿಟ್ಟು ಅಲುಗಾಡಬೇಡಿ," ಎಂದು ವಿನಂತಿಸಿದೆ.

"ಅಯ್ಯಯ್ಯಪ್ಪಾ!" ಎಂಬ ಚೀತ್ಕಾರಕ್ಕೆ ಬೀದಿಯೇ ಎದ್ದಿತು. ಓನರಮ್ಮ ಪೊರಕೆಯೊಂದಿಗೆ ಓಡಿ ಬಂದರು. ಗೋಡೆಯಾಚೆ ನಿಂತಿದ್ದವರು ದಿನಾ ವಾಕಿಂಗ್ ಬರುವ ಹಿರಿಯರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನ ತುಂಬ ದಾಸವಾಳ.

"ದೇವರ ಪೂಜೆಗೆ ಕಣಮ್ಮ, ಕಳ್ಳತನ ಅಲ್ಲ..."

"ನಮ್ಮನೆ ದೇವ್ರೇನು ಉಪಾಸ ಕೂತವ್ನಾ?"

ಹಿರಿಯರು ಕವರನ್ನು ಒಪ್ಪಿಸಿ ಮಾಯವಾದರು. ನನ್ನ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಓನರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ ರಾಗಿ ಒಲಕ್ಕೂ ಇಂಥಾ ಬೆದರುಗೊಂಬೆ ಸಿಕ್ಕಿರ್ಲಿಲ್ಲ ಕಣಪ್ಪ. ರೂಮಲ್ಲೇ ಇರು, ಯಾರೂ ಖಾಲಿ ಮಾಡಿಸಾಕಿಲ್ಲ. ಊರಿಗೋಗೋವಾಗ ಮಾತ್ರ ಆ ಕಂಬ್ಳಿ ಇಲ್ಲೇ ಬಿಟ್ಟೋಗು."